ಮನಿಯೋ ಮನೆಯೋ

ಮಹಾನಂದಾಳ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ. ಸವದತ್ತಿಯ ಕನ್ನಡ ಮಾಸ್ತರರ ಮಗಳು ಎಂಬ ಕೊಂಬು ಬೇರೆ. ಉಗರಗೋಳದಿಂದ ಬಸ್ಸಿಗೆ ಬರುವ ರಾಣಿ ಆಕೆಯ ಜೀವದ ಗೆಳತಿ. ಕಂಪ್ಯೂಟರ್ ಡಿಪ್ಲೊಮಾ ಸೇರಿದಾಗಿನಿಂದ ಇಬ್ಬರದೂ ಒಂದೇ ಬೆಂಚು, ಒಂದೇ ಬುತ್ತಿ, ಒಬ್ಬರಿಗೊಬ್ಬರು ಮಾತಿಗೊಮ್ಮೆ ಲೇ. ಹಾಗಿದ್ದೂ, ಪ್ರೋಗ್ರಾಮಿನಲ್ಲಿ ಮನೆ ಹುಡುಕುವ ಭಾಗಕ್ಕೆ ರಾಣಿ mani ಎಂದು ಹೆಸರಿಟ್ಟದ್ದನ್ನು ಕಂಡು ಮಹಾನಂದಾ ಇಡೀ ಲ್ಯಾಬಿಗೆ ಕೇಳುವಂತೆ ನಕ್ಕಿದ್ದಳು.

“ಕಂಪ್ಯೂಟರಿಗೂ ಉಗರಗೋಳದ ಭಾಷಿ ಕಲಸ್ತಿ ಏನಲೇ? ಮನಿ ಅಲ್ಲ, ಮನೆ. ಕಡೀಕ e ಹಾಕು.”

ತಾನೂ ಬಾಯಿ ಬಿಟ್ಟರೆ ಮನಿ ಎನ್ನುವವಳೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹೊಡೆಯಲು ಹೋಗುವ ಜಾತಿ. ರಾಣಿ ಅಂದು ತಲೆ ತಗ್ಗಿಸಿ mane ಎಂದು ತಿದ್ದಿಕೊಂಡಳು.

ಕಡೆಯ ಪರೀಕ್ಷೆಯ ದಿನ ಬಂತು. ಯಾವ ಮನೆಗೆ ಯಾವತ್ತು ನಳದ ನೀರಿನ ಪಾಳಿ ಎಂದು ಹೇಳುವ ಪ್ರೋಗ್ರಾಮು ಇವರದು. ಮನೆ ಹುಡುಕುವ ಫೈಲು ರಾಣಿ ಬರೆದದ್ದು, ಅದನ್ನು ಹೆಸರು ಹಿಡಿದು ಕರೆಯುವ ಮುಖ್ಯ ಫೈಲು ಮಹಾನಂದಾಳದು. ಎರಡರಲ್ಲೂ ಆ ಹೆಸರು ಅಕ್ಷರಕ್ಕಕ್ಷರ ಒಂದೇ ಇರಬೇಕು.

“ಎರಡೂ ಕೂಡಿಸಿ ಓಡಿಸಿ ತೋರಸ್ರಿ,” ಎಂದರು ಪರೀಕ್ಷೆಗೆ ಬಂದಿದ್ದ ಬಸಲಿಂಗಪ್ಪ ಸರ್. “ಓಡಲಿಲ್ಲಂದ್ರ ಇಬ್ಬರೂ ಫೇಲ್.”

ಫೇಲಾದರೆ ರಾಣಿಯ ಓದು ಅಲ್ಲಿಗೇ ಮುಗಿಯಿತು. ಆಕೆಯ ಮನೆಯವರು ಇನ್ನೊಮ್ಮೆ ಕಳಿಸುವವರಲ್ಲ. ಅದು ಮಹಾನಂದಾಳಿಗೂ ಚೆನ್ನಾಗಿ ಗೊತ್ತಿತ್ತು.

ಕಪ್ಪು ಪರದೆಯ ಮೇಲೆ ಮಹಾನಂದಾ ಕಮಾಂಡ್ ಒತ್ತಿದಳು. ಎರಡೂ ಫೈಲು ಬೇರೆಬೇರೆಯಾಗಿ ತಪ್ಪು ತೋರದೆ ಕಂಪೈಲ್ ಆದವು. ಆದರೆ ಕೂಡಿಸಿ ಲಿಂಕ್ ಮಾಡಿದ್ದೇ ತಡ, ಪರದೆ ತಕರಾರು ತೆಗೆಯಿತು: mani ಎಂಬ ಹೆಸರಿನದು ಎಲ್ಲಿಯೂ ಸಿಗುತ್ತಿಲ್ಲ.

ಮಹಾನಂದಾಳ ಕಣ್ಣಿಗೆ ಬಿದ್ದದ್ದು ಆ mani ಒಂದೇ.

“ಈಕಿದ ತಪ್ಪರಿ ಸರ್! ಎಷ್ಟ ಹೇಳಿದ್ರೂ ಹಳ್ಳಿ ಭಾಷಿ ಬಿಡೂದಿಲ್ಲ ಈಕಿ.”

“ಏನವಾ, ಖರೇನ?” ಮೇಜಿನ ಆಚೆ ಕೂತಿದ್ದ ಸರ್ ರಾಣಿಯತ್ತ ತಿರುಗಿದರು.

ರಾಣಿ ಬಗ್ಗಿ ಇಡೀ ಸಾಲು ಓದಿದಳು. ಆಕೆಯ ಬೆರಳು ಸಾಲಿನ ಮೊದಲಿಗೆ ಹೋಗಿ ನಿಂತಿತು. mani ಎಂದು ಕರೆದ ಫೈಲಿನ ಹೆಸರು ಅಲ್ಲಿತ್ತು. ಅದು ಮಹಾನಂದಾಳದೇ ಫೈಲು. ರಾಣಿಯದರಲ್ಲಿ mane ಎಂದೇ ಇತ್ತು. ಅವಸರದಲ್ಲಿ, ಬಾಯಿಗೆ ಬಂದಂತೆ, ಮನಿ ಎಂದು ಒತ್ತಿದವಳು ಮಾಸ್ತರರ ಮಗಳು.

‘ನಂದ್ರಿ ಸರ್’ ಎಂದರೆ ಸಾಕಿತ್ತು. ಲಗಾಮಿಲ್ಲದ ನಾಲಿಗೆ ಆಗಲೇ ಕೈಕೊಟ್ಟಿತು. ಮಹಾನಂದಾ ಕೀಬೋರ್ಡಿನ ಮೇಲೆ ಕಣ್ಣು ನೆಟ್ಟು ಕೂತಳು.

ರಾಣಿ ಒಂದು ಕ್ಷಣ ಆಕೆಯ ಮುಖ ನೋಡಿದಳು.

“ಹೌದ್ರಿ ಸರ್. ನಂದ ತಪ್ಪು.”

ತನ್ನ ಫೈಲು ತೆರೆದು, ಸರಿಯಿದ್ದ mane ಅಳಿಸಿ mani ಮಾಡಿದಳು. ಲಿಂಕ್ ಆಯಿತು, ಪ್ರೋಗ್ರಾಮು ಓಡಿತು. ಸರ್ ಮಹಾನಂದಾಳಿಗೆ ಶಾಬಾಸ್ ಎಂದರು. ರಾಣಿಗೆ, “ಪಾಸೇನೋ ಆದಿ, ಇನ್ನ ಮ್ಯಾಲೆ ನೋಡಿ ಬರಿಯವಾ,” ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಮಹಾನಂದಾ ಓಡಿಹೋಗಿ ರಾಣಿಯ ಕೈ ಹಿಡಿದಳು. “ತಪ್ಪ ನಂದಿತ್ತಲೇ. ನೀ ಯಾಕ ಹೇಳಲಿಲ್ಲ?”

“ನೀವ ಹೇಳ್ತೀರಿ ಅಂತ ನಿಂತಿದ್ದೆ,” ಎಂದಳು ರಾಣಿ, ಮೆಲ್ಲಗೆ ಕೈ ಬಿಡಿಸಿಕೊಂಡು. “ಬಸ್ ಬಂತು. ಬರ್ತೇನ್ರಿ.”

ಬಸ್ಸು ಉಗರಗೋಳದ ಕಡೆ ತಿರುಗಿತು. ಬೈದಿದ್ದರೆ ಮಹಾನಂದಾ ಹೇಗೋ ತಡೆದುಕೊಳ್ಳುತ್ತಿದ್ದಳು. ನಿನ್ನೆಯ ತನಕ ಲೇ ಎಂದವಳು ಇವತ್ತು ರೀ ಅಂದಿದ್ದಳು.