ಫೈಟರ್ ವಿಮಾನದ ಗಾಜಿನ ಮುಚ್ಚಳ

ಅಣ್ಣನಿಗೆ ಮನೆಯಲ್ಲಿ ‘ಪೈಲಟ್’ ಎಂದೇ ಹೆಸರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅವನು ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೆ ಎರಡನೇ ಮಹಾಯುದ್ಧದ ಯಾವ ಫೈಟರ್ ವಿಮಾನಕ್ಕೆ ಎಷ್ಟು ಬಂದೂಕು, ಯಾವುದರ ಹೊಟ್ಟೆಗೆ ಯಾವ ಬಣ್ಣ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ತಂದು, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಗೇಣುದ್ದದ ವಿಮಾನ ಕಟ್ಟುವುದು ಅವನ ಇಪ್ಪತ್ತು ವರ್ಷದ ಹುಚ್ಚು. ಊರಿನ ಮಾಡೆಲ್ ಕ್ಲಬ್ಬಿನ ವಾರ್ಷಿಕ ಪ್ರದರ್ಶನದಲ್ಲಿ ಮೂರು ಸಲ ಎರಡನೇ ಸ್ಥಾನ ಬಂದಿತ್ತು. ಮೊದಲನೆಯದು ಮಾತ್ರ ಕೈಗೆ ಸಿಕ್ಕಿರಲಿಲ್ಲ.

ತಂಗಿಗೆ ನಲವತ್ತೊಂದಾದರೂ ಎಲ್ಲರ ಬಾಯಲ್ಲೂ ಅವಳು ಪುಟ್ಟಿಯೇ. ಅದೇ ಮನೆಯ ಮಹಡಿಯಲ್ಲಿ ಅವಳ ವಾಸ, ಊಟ ಕೆಳಗೆ ಅತ್ತಿಗೆಯ ಕೈಯದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ರೋಗಿಗಳು ಮುಂದಿನ ಬಾಗಿಲಿಂದ ಬಂದು, ಹೊಸ ಹಲ್ಲು ಹಾಕಿಸಿಕೊಂಡು, ಕನ್ನಡಿ ನೋಡಿ, ಡಾಕ್ಟರ ಕೈಹಿಡಿದು ಕೊಂಡಾಡಿ ಹೋಗುತ್ತಿದ್ದರು. ಹದಿನೆಂಟು ವರ್ಷದಲ್ಲಿ ಒಬ್ಬರೂ ಹಿಂದಿನ ಕೋಣೆಗೆ ಇಣುಕಿರಲಿಲ್ಲ. ಪುಟ್ಟಿ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಅಥವಾ ಹಾಗೆಂದು ಎಲ್ಲರೂ ಅಂದುಕೊಂಡಿದ್ದರು.

ಪ್ರದರ್ಶನಕ್ಕೆ ಎರಡು ವಾರ ಇದೆ ಎನ್ನುವಾಗ, ಭಾನುವಾರ ಬೆಳಿಗ್ಗೆ, ಅಣ್ಣನ ಕೋಣೆಯಿಂದ “ಅಯ್ಯೋ” ಎಂಬ ಕೂಗು ಬಂತು. ಪುಟ್ಟಿ ಮೆಟ್ಟಿಲು ಇಳಿದು ಓಡಿದಳು. ಅತ್ತಿಗೆ ಆಗಲೇ ಬಾಗಿಲಲ್ಲಿ ನಿಂತಿದ್ದರು.

“ಏನಾಯ್ತು ಅತ್ತಿಗೆ?”

“ನಿಮ್ಮಣ್ಣನ ವಿಮಾನ ಬಿತ್ತಂತೆ. ಮೇಜಿನ ಮೇಲೇ ಇದೆ, ಆದ್ರೂ ಬಿತ್ತಂತೆ.”

ಅಣ್ಣ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಎಂಟು ತಿಂಗಳಿಂದ ಕಟ್ಟಿದ ವಿಮಾನ ಎದುರಿಗಿತ್ತು: ಹಸಿರು, ಬೂದು ಬಣ್ಣದ ಮೈ, ಹೊಗೆ ಹಿಡಿದಂತೆ ಕಪ್ಪಾಗಿಸಿದ ಕೊಳವೆ ಬಾಯಿ, ಒಳಗೆ ಅಕ್ಕಿಕಾಳಿನಷ್ಟು ಗಾತ್ರದ ಗಡಿಯಾರಗಳು. ಕೆಟ್ಟದ್ದು ಒಂದೇ. ಪೈಲಟ್‌ನ ತಲೆಯ ಮೇಲೆ ಕೂರಬೇಕಾದ ಪಾರದರ್ಶಕ ಮುಚ್ಚಳಕ್ಕೆ ಅವಸರದಲ್ಲಿ ಬೇರೆ ಗೋಂದು ತಾಗಿಸಿಬಿಟ್ಟಿದ್ದ. ಅದರ ಹಬೆಗೆ ಮುಚ್ಚಳದ ಒಳಮೈಯೆಲ್ಲ ಪೊರೆ ಬಂದ ಕಣ್ಣಿನ ಹಾಗೆ ಬೆಳ್ಳಗಾಗಿತ್ತು.

“ಇದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಇನ್ನೊಂದು ಎಲ್ಲಿಂದ ತರ್ಲಿ?” ಎಂದ ಅಣ್ಣ.

ಪುಟ್ಟಿ ಮುಚ್ಚಳವನ್ನು ಬೆರಳ ತುದಿಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಆಕಾರ ಒಂದು ದವಡೆ ಹಲ್ಲಿಗಿಂತ ಸರಳ.

“ನನಗೆ ಕೊಡು. ಮಾಡ್ತೀನಿ.”

“ಇದು ಹಲ್ಲಲ್ಲ ಕಣೇ.”

“ಗೊತ್ತು. ಹಲ್ಲಾಗಿದ್ರೆ ಇನ್ನೂ ಕಷ್ಟ. ಅದು ಊಟ ಮಾಡ್ಬೇಕು, ಇದು ಸುಮ್ನೆ ಕೂತಿರ್ಬೇಕು ಅಷ್ಟೇ.”

ಅತ್ತಿಗೆ ಗೊಳ್ಳೆಂದು ನಕ್ಕರು. ಅಣ್ಣ ನಗಲಿಲ್ಲ, ಆದರೆ ಕೊಟ್ಟ.

ಹಲ್ಲು ಓರೆಯಿದ್ದವರಿಗೆ ಹಾಕುವ ತೆಳು ಪಾರದರ್ಶಕ ಕವಚ ಮಾಡಲು ಆ ಹಿಂದಿನ ಕೋಣೆಯಲ್ಲಿ ಒಂದು ಮಷೀನಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗಾಗಿಸಿ, ಅಚ್ಚಿನ ಮೇಲೆ ಇಳಿಸಿ, ಕೆಳಗಿಂದ ಗಾಳಿ ಹೀರಿದರೆ ಹಾಳೆ ಅಚ್ಚಿಗೆ ಚರ್ಮದಂತೆ ಅಂಟಿಕೊಳ್ಳುತ್ತಿತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದನ್ನು ಬಳಸಲು ಪುಟ್ಟಿ ಡಾಕ್ಟರ ಒಪ್ಪಿಗೆ ಕೇಳಿದಳು. ಅವರು ಕನ್ನಡಕದ ಮೇಲಿಂದ ನೋಡಿ, “ವಿಮಾನಕ್ಕಾ?” ಎಂದರು. “ಹೂಂ ಸರ್.” “ಆಯ್ತು, ನಮ್ಮ ಪೇಷೆಂಟಿಗೆ ರೆಕ್ಕೆ ಹಚ್ಚಬೇಡಿ ಅಷ್ಟೇ.”

ಸೋಮವಾರ ಅಣ್ಣನೂ ರಜೆ ಹಾಕಿ ಬಂದು ಸ್ಟೂಲಿನ ಮೇಲೆ ಕೂತ. ಪುಟ್ಟಿ ಮುಚ್ಚಳವನ್ನು ಬೋರಲು ಹಾಕಿ, ಒಳಗೆ ಗಟ್ಟಿ ಪ್ಲಾಸ್ಟರನ್ನು ಹನಿಹನಿಯಾಗಿ ಇಳಿಸಿ, ಗುಳ್ಳೆ ಏಳದಂತೆ ತಟ್ಟಿದಳು. ಅದು ಗಟ್ಟಿಯಾದ ಮೇಲೆ ಚಿಕ್ಕ ಇಕ್ಕಳ ತೆಗೆದುಕೊಂಡು ಮುಚ್ಚಳವನ್ನು ಟಕ್ಕೆಂದು ಒಡೆದಳು.

ಅಣ್ಣ ಸ್ಟೂಲಿನಿಂದ ಎದ್ದುನಿಂತ. “ಇದ್ದ ಒಂದನ್ನೂ ಒಡೆದುಬಿಟ್ಟೆಯಲ್ಲೇ!”

“ಒಡೀದೆ ಅಚ್ಚು ಹೊರಗೆ ಬರಲ್ಲ. ನೀನು ಹೊರಗೆ ಹೋಗಿ ಚಹಾ ಕುಡಿದು ಬಾ.”

ಮೊದಲನೆಯದು ಕೆಟ್ಟಿತು. ಅಚ್ಚು ಪೂರ್ತಿ ಒಣಗಿರಲಿಲ್ಲ, ಬಿಸಿಗೆ ಹಬೆ ಎದ್ದು ಮೊಡವೆಯಂಥ ಗುಳ್ಳೆ ಬಂತು. ಎರಡು ದಿನ ಒಣಗಿಸಿದಳು. ಎರಡನೆಯದರಲ್ಲಿ ಗುಳ್ಳೆಯಿಲ್ಲ, ಆದರೆ ಅಚ್ಚಿನ ಮೇಲಿದ್ದ ಕೂದಲೆಳೆಯಷ್ಟು ಗೀರುಗಳೂ ಹಾಳೆಯಲ್ಲಿ ಮೂಡಿ ಕೂತಿದ್ದವು. ಆಮೇಲೆ ಅವಳು ಮೂರು ಮಧ್ಯಾಹ್ನ ಬೇರೇನೂ ಮಾಡಲಿಲ್ಲ. ಮುಂಭಾಗದ ಹಲ್ಲಿಗೆ ಕೊಡುವ ಹೊಳಪನ್ನು ಆ ಪ್ಲಾಸ್ಟರ್ ತುಂಡಿಗೆ ಕೊಡುತ್ತಾ ಕೂತಳು. ಉಜ್ಜುವುದು, ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಮೂರನೆಯದು ಚೆನ್ನಾಗಿಯೇ ಬಂತು. ಅಂಚು ಕತ್ತರಿಸುವಾಗ ಸೀಳಿತು. ಆ ರಾತ್ರಿ ಅವಳು ತಟ್ಟೆ ಎತ್ತಿಕೊಂಡು ಮಹಡಿಗೆ ಹೋಗಿ ಉಂಡಳು. ಅತ್ತಿಗೆಯೂ ಕೆಣಕದೆ ಬಡಿಸಿಕೊಟ್ಟರು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ನಾಲ್ಕನೆಯದನ್ನು ಹತ್ತಿಯಲ್ಲಿ ಸುತ್ತಿ, ಹಲ್ಲಿನ ಸೆಟ್ಟು ಇಡುವ ಡಬ್ಬಿಯಲ್ಲಿಟ್ಟು ತಂದಳು. ಅಣ್ಣ ಅದನ್ನು ವಿಮಾನದ ಮೇಲೆ ಕೂರಿಸಿದ. ಕೂರಿಸಿದ ಮೇಲೂ ಏನೂ ಇಲ್ಲವೆಂಬಂತೆ ಒಳಗಿನ ಗಡಿಯಾರ, ಸೀಟಿನ ಪಟ್ಟಿ, ಹಿಡಿಕೆ ಎಲ್ಲ ಕಂಡವು. ಅವನು ಮೇಜಿನ ಸುತ್ತ ಒಂದು ಸುತ್ತು ಬಂದ.

ಮರುದಿನ ಸಭಾಂಗಣದಲ್ಲಿ ಎಂಬತ್ತಕ್ಕೂ ಹೆಚ್ಚು ಮಾಡೆಲುಗಳಿದ್ದವು. ತೀರ್ಪು ಕೊಡಲು ಬಂದವರು ಸೇನೆಯ ವಿಮಾನಗಳನ್ನು ರಿಪೇರಿ ಮಾಡಿ ನಿವೃತ್ತರಾದ ಹಿರಿಯ ಮೆಕ್ಯಾನಿಕ್. ಬೆನ್ನು ಬಾಗಿದ್ದರೂ ಕಣ್ಣು ಹದ್ದಿನದು. ಸಣ್ಣ ಟಾರ್ಚು ಹಿಡಿದು ಒಂದೊಂದನ್ನೂ ನೋಡುತ್ತಾ ಬಂದು ಅಣ್ಣನ ಮೇಜಿನ ಮುಂದೆ ನಿಂತರು. ನಿಂತವರು ಕದಲಲಿಲ್ಲ.

“ಈ ಮುಚ್ಚಳ ಕಿಟ್ಟಿನದಲ್ಲ. ಅದು ಇದರ ಮೂರರಷ್ಟು ದಪ್ಪ ಇರುತ್ತೆ. ಯಾರು ಮಾಡಿದ್ದು?”

ಅಣ್ಣ ಬಾಯಿ ತೆರೆದ. ಹಿಂದೆ ನಿಂತಿದ್ದ ಪುಟ್ಟಿ ಅವನ ಬೆನ್ನಿಗೆ ಜೋರಾಗಿ ಚಿವುಟಿದಳು. ಮಾಡೆಲ್ ಪೂರ್ತಿ ಒಬ್ಬರದೇ ಕೆಲಸವಾಗಿರಬೇಕು ಎಂಬ ನಿಯಮ ಅವಳಿಗೂ ಗೊತ್ತಿತ್ತು.

“ನನ್ನ ತಂಗಿ ಸರ್,” ಎಂದ ಅಣ್ಣ. “ಇಲ್ಲೇ ಇದ್ದಾಳೆ, ನನ್ನ ಚಿವುಟ್ತಾ ಇದ್ದಾಳೆ. ಹಲ್ಲು ಮಾಡೋಳು.”

ಮೆಕ್ಯಾನಿಕ್ ನಿಟ್ಟುಸಿರು ಬಿಟ್ಟರು. “ಹಾಗಿದ್ರೆ ಸ್ಪರ್ಧೆಯಲ್ಲಿ ಇಡೋಕಾಗಲ್ಲಪ್ಪ. ಇದು ಮೊದಲನೇದೇ ಆಗ್ತಿತ್ತು.”

ಅವರು ಮುಂದಿನ ಮೇಜಿಗೆ ಹೋದದ್ದೇ ತಡ, ಪುಟ್ಟಿ ಸಿಡಿದಳು. “ಬಾಯಿ ಮುಚ್ಕೊಂಡಿರೋಕೆ ಆಗ್ತಿರ್ಲಿಲ್ವಾ? ಯಾರು ಕೇಳ್ತಿದ್ರು?”

“ಅವರೇ ಕೇಳಿದ್ರಲ್ಲೇ.” ಅಣ್ಣ ಬೆನ್ನು ಉಜ್ಜಿಕೊಂಡ. “ಹದಿನೆಂಟು ವರ್ಷದಿಂದ ನಿನ್ನ ಕೆಲಸ ಬಾಯಲ್ಲಿಟ್ಟುಕೊಂಡು ಊರೆಲ್ಲ ನಗ್ತಾ ಓಡಾಡುತ್ತೆ. ಒಬ್ಬರಾದ್ರೂ ನಿನ್ನ ಹೆಸರು ಹೇಳಿದ್ದಾರಾ? ನಾನೂ ಅವರ ಸಾಲಿಗೆ ಸೇರ್ಲಾ?”

ಪುಟ್ಟಿ ವಿಮಾನದ ಕಡೆ ತಿರುಗಿ, ಮುಚ್ಚಳದ ಮೇಲೆ ಇಲ್ಲದ ಧೂಳನ್ನು ಊದಿದಳು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಮಾತಾಡಿದ ಮೊದಲ ಸರಿಯಾದ ಮಾತು,” ಎಂದರು.

ವಿಮಾನವನ್ನು ಸ್ಪರ್ಧೆಯ ಹೊರಗಿನ ಮೇಜಿಗೆ ಎತ್ತಿಟ್ಟರು. ಕ್ಲಬ್ಬಿನವರು ಹಳೆಯ ಚೀಟಿ ತೆಗೆದು ಹೊಸದನ್ನು ಬರೆದರು: ‘ವಿಮಾನ: ಅಣ್ಣ. ಮುಚ್ಚಳ: ತಂಗಿ.’ ಅರ್ಧ ಗಂಟೆಯೊಳಗೆ ಮೊದಲ ಸ್ಥಾನದ ಕಪ್ ಗೆದ್ದವನ ಮೇಜಿಗಿಂತ ಇಲ್ಲೇ ಜನ ಹೆಚ್ಚಾದರು. ಅಚ್ಚು ಎಷ್ಟು ದಿನ ಒಣಗಬೇಕು, ಯಾವ ಹಾಳೆ, ಯಾವ ಕತ್ತರಿ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಪುಟ್ಟಿ ಮೊದಮೊದಲು ತೊದಲಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಟ್ಟ ಮೂರರ ಕಥೆಯನ್ನೂ ಸೇರಿಸಿ, ಕೈ ಆಡಿಸುತ್ತಾ ವಿವರಿಸತೊಡಗಿದಳು. ಅಣ್ಣ ಪಕ್ಕದಲ್ಲಿ ನಿಂತು, ವಿಮಾನವನ್ನು ಯಾರೂ ಮುಟ್ಟದಂತೆ ಕಾವಲು ಕಾದ. ಕಪ್ ತನಗೇ ಬಂದಷ್ಟು ಅವನ ಎದೆ ಉಬ್ಬಿತ್ತು.

ಸಂಜೆ ಮೆಕ್ಯಾನಿಕ್ ತಾವೇ ಕುರ್ಚಿ ಎಳೆದುಕೊಂಡು ಬಂದು ಕೂತರು. “ನಾನು ದುಡಿದದ್ದು ಈ ವಿಮಾನದ ಮೊಮ್ಮಕ್ಕಳ ಮೇಲೆ. ಮುಚ್ಚಳ ಒರೆಸೋದು ಅಂದ್ರೆ ನಮಗೆ ಪ್ರಾಣದ ಪ್ರಶ್ನೆ. ಒಂದು ಚುಕ್ಕೆ ಕೊಳೆ ಇದ್ರೂ ದೂರದಲ್ಲಿ ವೈರಿ ಬರ್ತಿದ್ದಾನೆ ಅಂತ ಪೈಲಟ್ ಬೆಚ್ಚಿಬೀಳ್ತಿದ್ದ. ನಿಮ್ಮದರಲ್ಲಿ ಒಂದು ಚುಕ್ಕೆ ಹುಡುಕೋಣ ಅಂತ ಟಾರ್ಚು ಹಿಡಿದು ಸೋತೆ ಕಣಮ್ಮ.”

ಪುಟ್ಟಿ ಅವರ ಮಾತನ್ನೂ ಕೇಳುತ್ತಿದ್ದಳು, ಅವರ ಬಾಯಿಯನ್ನೂ ನೋಡುತ್ತಿದ್ದಳು.

“ತುಂಬಾ ಸಂತೋಷ ಸರ್. ಒಂದು ಮಾತು ಹೇಳ್ಲಾ? ನಿಮ್ಮ ಕೆಳಗಿನ ಸೆಟ್ಟು ಸಡಿಲ ಆಗಿದೆ. ಮಾತಾಡುವಾಗ ಎದ್ದು ಕೂರ್ತಿದೆ.”

ಮುದುಕರು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಕೈ ತೆಗೆದು ಮನಸಾರೆ ನಕ್ಕರು.

“ಯಾರ ಹತ್ರ ತೋರಿಸ್ಲಿ?”

“ಸೋಮವಾರ ಕ್ಲಿನಿಕ್ಕಿಗೆ ಬನ್ನಿ,” ಎಂದಳು ಪುಟ್ಟಿ. “ಡಾಕ್ಟರು ನೋಡಿದ ಮೇಲೆ ಹಿಂದಿನ ಕೋಣೆಗೆ ಬಂದು ನನ್ನ ಕೇಳಿ.”