ಹಿಡಿದದ್ದು ಊರಿಗೆಲ್ಲ ಗೊತ್ತು, ಬಿಟ್ಟದ್ದು?

ಬೀಗ ರಿಪೇರಿಯವನ ಕೈಚಳಕದ ಬಗ್ಗೆ ಆ ಬೀದಿಯವರ ಬಾಯಲ್ಲೇ ಕೇಳಬೇಕು. ಅವನು ಬಾಗಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರೆ ಸಾಕು, ಬೀಗ ಹೆದರಿ ತಾನೇ ಬಾಯಿ ಬಿಡುತ್ತದೆ ಅನ್ನುತ್ತಾರೆ. ಅಂಥವನ ಅಂಗಡಿಗೆ ಈಗ ನೊಣವೂ ಸುಳಿಯುತ್ತಿರಲಿಲ್ಲ.

ಹೋದ ವರ್ಷ ಟೈ ಕಟ್ಟಿದವನೊಬ್ಬ ಬಂದು, "ಮನೆ ಕೀ ಕಳೆದುಹೋಯ್ತು, ಬಾಗಿಲು ತೆಗೆದುಕೊಡಿ" ಎಂದು ಕರೆದೊಯ್ದಿದ್ದ. ಇವನು ತೆಗೆದುಕೊಟ್ಟ. ಆ ಮನೆ ಟೈಯವನದೇ ಅಲ್ಲ! ಪೊಲೀಸರು ಬರುವಷ್ಟರಲ್ಲಿ ಟೈಯವನು ಮಾಯ. ಸಿಕ್ಕಿದ್ದು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ಇವನು. ಆಮೇಲೆ ನಿಜವಾದ ಕಳ್ಳ ಸಿಕ್ಕಿಬಿದ್ದ. ಕೋರ್ಟು "ಈತನದು ತಪ್ಪಿಲ್ಲ" ಎಂದು ಬಿಡುಗಡೆ ಮಾಡಿತು. ಸದ್ಯ ಮುಗಿಯಿತಲ್ಲ ಎಂದು ಮನೆಯವರು ಉಸಿರು ಬಿಟ್ಟರು.

ಎಲ್ಲಿ ಮುಗಿಯಿತು? ಒಂದು ದೊಡ್ಡ ವಸತಿ ಕಟ್ಟಡದ ಎಲ್ಲ ಬಾಗಿಲುಗಳ ಬೀಗ ಬದಲಿಸುವ ಕೆಲಸ ಅವನಿಗೇ ಎಂದು ಮಾತಾಗಿತ್ತು. ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುವುದೇ. ಒಂದು ದಿನ ಬೆಳಿಗ್ಗೆ ಆ ಕಟ್ಟಡದ ಮ್ಯಾನೇಜರ್ ಫೋನ್ ಮಾಡಿ, "ಬರೋದು ಬೇಡಪ್ಪ. ನಿನ್ನ ಹೆಸರು ಹಾಕಿ ಹುಡುಕಿದ್ರೆ ಪೊಲೀಸ್ ಫೋಟೋನೇ ಮೊದಲು ಬರುತ್ತೆ" ಎಂದು ಇಟ್ಟುಬಿಟ್ಟ.

ಬೀಗದವನ ಹೆಂಡತಿಗೆ ಬೀದಿಯಲ್ಲಿ ಗುಡುಗಮ್ಮ ಎಂದೇ ಹೆಸರು. ಕೇಳಬೇಕೆ? "ಕೋರ್ಟೇ ಬಿಟ್ಟ ಮೇಲೆ ಇವನ್ಯಾವನ್ರೀ ಹಿಡ್ಕೊಳ್ಳೋಕೆ?" ಎಂದು ಮೊಬೈಲ್‌ನಲ್ಲಿ ಗಂಡನ ಹೆಸರು ಹಾಕಿ, ಮೊದಲು ಬಂದ ಪುಟ ತೆರೆದಳು. ಗಂಡನ ಕೆದರಿದ ತಲೆ. ಕೆಳಗೆ "ಮನೆಗಳ್ಳತನ, ಬಂಧನ". ಬಿಡುಗಡೆಯ ಮಾತು ಎಳ್ಳಷ್ಟೂ ಇಲ್ಲ. ಪಕ್ಕದಲ್ಲೇ ಹಲ್ಲು ಕಿರಿಯುವ ಟೂತ್‌ಪೇಸ್ಟ್ ಜಾಹೀರಾತು.

"ನೋಡ್ಲಿ, ಈ ಅನ್ಯಾಯಾನ ಊರೆಲ್ಲ ನೋಡ್ಲಿ!" ಎಂದು ಅದನ್ನು ಅಣ್ಣಂದಿರಿಗೆ, ಓರಗಿತ್ತಿಗೆ, ಸಂಘದ ಗುಂಪಿಗೆ, ಹಾಲಿನವನಿಗೆ, ಕೊನೆಗೆ ಗ್ಯಾಸ್ ಸಿಲಿಂಡರ್ ತರುವವನಿಗೂ ಕಳಿಸಿದಳು.

ಮಧ್ಯಾಹ್ನ ತಂಗಿ ಓಡಿ ಬಂದಳು. ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಅವಳ ಕೆಲಸ.

"ಅಕ್ಕಾ, ಏನು ಮಾಡಿದ್ಯೇ? ಗ್ಯಾಸಿನವನ ಅತ್ತೆ ಫೋನ್ ಮಾಡಿ, ನಿಮ್ಮ ಭಾವ ಕಳ್ಳನಂತೆ ಹೌದಾ ಅಂತಾಳೆ!"

"ನಾನು ಕಳಿಸಿದ್ದು ಆ ಪುಟದವನನ್ನ ಬೈಯೋಕೆ!"

"ನೀನು ಬೈದಿದ್ದು ಯಾರು ಕೇಳಿದ್ರು? ಎಲ್ರೂ ನೋಡಿದ್ದು ಫೋಟೋ. ಜನ ಒತ್ತಿ ನೋಡಿದಷ್ಟೂ ಅವನಿಗೆ ಜಾಹೀರಾತಿನ ಕಾಸು."

ಗುಡುಗಮ್ಮ ಕಾದ ಬಾಣಲೆ ಮುಟ್ಟಿದವಳಂತೆ ಮೊಬೈಲ್ ಕೆಳಗಿಟ್ಟಳು.

"ಅಲ್ವೇ, ಪೊಲೀಸ್ ಕಾಗದ ಅವನ ಕೈಗೆ ಹೆಂಗೆ ಬಂತು? ಕದ್ನಾ?"

"ಕದಿಯೋದೇನೂ ಬೇಡ. ಬಂಧನದ ಪಟ್ಟಿ, ಕೋರ್ಟಿನ ಕಡತ ಎಷ್ಟೋ ಕಡೆ ಎಲ್ರೂ ನೋಡೋ ಹಾಗೇ ಇರುತ್ತೆ. ಇರಬೇಕು ಕೂಡ. ಇಲ್ದಿದ್ರೆ ಯಾರನ್ನ ಬೇಕಾದ್ರೂ ಗುಟ್ಟಾಗಿ ಒಳಗೆ ಹಾಕ್ತಾರೆ. ಈ ಪುಟದವರು ದಿನಾ ಬಾಚ್ಕೊಂಡು ಬಾ ಅಂತ ಕಂಪ್ಯೂಟರಿಗೆ ಹೇಳಿಟ್ಟಿರ್ತಾರೆ. ಅದು ಬಾಚುತ್ತೆ, ಅಂಟಿಸುತ್ತೆ. ಬಿಡುಗಡೆ ಆಯ್ತಾ ಅಂತ ತಿರುಗಿ ನೋಡೋರು ಯಾರು?"

"ಬೆಂಕಿ ಹಚ್ಚೋಕೆ ಓಡಿ ಬರ್ತಾರೆ, ಆರಿಸೋಕೆ ಮಾತ್ರ ಕಾಲುನೋವು!"

ಇಷ್ಟು ಹೊತ್ತು ಮೂಲೆಯಲ್ಲಿ ಕೂತು ಹಳೇ ಬೀಗವೊಂದನ್ನು ಸುಮ್ಮನೆ ಹಾಕಿ ತೆಗೆದು ಮಾಡುತ್ತಿದ್ದ ಗಂಡ ಬಾಯಿ ಬಿಟ್ಟ. "ದುಡ್ಡು ಕೊಟ್ರೆ ಫೋಟೋ ಅಳಿಸ್ತೀವಿ ಅಂತ ಆ ಪುಟದಲ್ಲೇ ಬರೆದಿದ್ರು. ಕೊಟ್ಟು ಕೈತೊಳ್ಕೊಳ್ಳೋಣ ಅಂತಿದ್ದೆ."

"ಏನ್ರೀ, ಕೆಸರು ಎರಚಿದವನಿಗೇ ಸೋಪಿನ ದುಡ್ಡಾ?"

"ಸುತರಾಂ ಬೇಡ ಭಾವ" ಅಂದಳು ತಂಗಿ. "ಇವತ್ತು ಕೊಟ್ರೆ ನಾಳೆ ಅವನ ತಮ್ಮನ ಪುಟದಲ್ಲಿ ಏಳುತ್ತೆ."

"ನಮ್ಮಂಥೋರ ಮಾತು ಅವರು ಕೇಳ್ತಾರೇನೇ?" ಗುಡುಗಮ್ಮನಿಗೆ ನಂಬಿಕೆ ಬರಲಿಲ್ಲ.

"ನಿನ್ನ ಮಾತಿಗೆ ಬೆಲೆ ಕೊಡದೇ ಇರಬಹುದು. ಕೋರ್ಟಿನ ಮಾತನ್ನ ಮುಂದಿಡೋಣ. ಎಲ್ಲಿ, ಬಿಡುಗಡೆ ಆದೇಶದ ನಕಲು ಕೊಡು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಕಲು ತೆಗೆದುಕೊಂಡೇ ಇರಲಿಲ್ಲ! ಊರಿಗೆಲ್ಲ ಕೀ ಮಾಡಿಕೊಡುವವನು ತನ್ನ ಬಿಡುಗಡೆಯ ಕೀಯನ್ನು ಕೋರ್ಟಿನಲ್ಲೇ ಬಿಟ್ಟು ಬಂದಿದ್ದ.

ಅರ್ಜಿ ಕೊಟ್ಟು, ಮೊಹರು ಹಾಕಿದ ನಕಲು ತಂದರು. ಪುಟ ಅಳಿಸಿಹೋಗುವ ಮೊದಲೇ ಅದರ ಚಿತ್ರ ತೆಗೆದಿಟ್ಟುಕೊಂಡರು, ಸಾಕ್ಷಿಗೆ. ನಕಲು ಲಗತ್ತಿಸಿ, "ತೆಗೆಯಿರಿ, ಇಲ್ಲವೇ ಪೂರ್ತಿ ಸತ್ಯ ಹಾಕಿ" ಎಂದು ಪುಟದವರಿಗೆ ಬರೆದರು. ಹೆಸರು ಹುಡುಕಿದಾಗ ಆ ಪುಟವನ್ನು ತೋರಿಸುವ ಕಂಪನಿಗೂ ಬರೆದರು. ಪುಟದವನು ಫೋಟೋ ಅಳಿಸಿದ. ಅಲ್ಲಿಂದಲೇ ಕದ್ದು ತನ್ನ ಪುಟದಲ್ಲಿ ಹಾಕಿಕೊಂಡಿದ್ದ ಇನ್ನೊಬ್ಬ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅವನ ಮೇಲೆ ಕಾನೂನು ನೆರವಿನವರು ಕೇಸು ಹಾಕಿದ್ದಾರೆ, ನಡೆಯುತ್ತಿದೆ.

ಆದರೆ ಕಟ್ಟಡದ ಕೆಲಸ ಅಷ್ಟು ದಿನ ಕಾಯುತ್ತದೆಯೇ? ಗುಡುಗಮ್ಮ ನಕಲು ಹಿಡಿದು ನೇರ ಮ್ಯಾನೇಜರ್ ಮೇಜಿನ ಮುಂದೆ ನಿಂತಳು.

"ಸಾರ್, ನೀವು ಓದಿದ್ದು ಮೊದಲ ಹಾಳೆ. ಇದು ಕೊನೇದು. ಇದನ್ನೂ ಓದಿ."

ಅವನು ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. "ನನಗೆ ಗೊತ್ತಿರಲಿಲ್ಲಮ್ಮ."

"ಕೇಳಬಹುದಿತ್ತಲ್ಲ ಸಾರ್? ಬೇಡ ಅನ್ನೋಕೆ ಫೋನ್ ಸಿಕ್ತು, ಏನಾಯ್ತು ಅಂತ ಕೇಳೋಕೆ ಸಿಗಲಿಲ್ವಾ?"

ಅವನು ತಲೆ ತಗ್ಗಿಸಿದ. "ಸೋಮವಾರದಿಂದ ಬರೋಕೆ ಹೇಳಿ."

ಅವಳು ಇನ್ನೂ ಮೆಟ್ಟಿಲು ಇಳಿಯುತ್ತಿದ್ದಳು, ಸಂಘದ ಗುಂಪಿಗೆ ಯಾರೋ ಇನ್ನೊಬ್ಬರ ಬಂಧನದ ಫೋಟೋ ಹಾಕಿದರು. ಎಲ್ಲರೂ ನಗುವ ಮುಖ ಒತ್ತುತ್ತಿದ್ದರು. ಗುಡುಗಮ್ಮ ಅಲ್ಲೇ ನಿಂತು ಬರೆದಳು: "ಇವರಿಗೆ ಕೋರ್ಟು ಏನು ಹೇಳ್ತು? ಗೊತ್ತಿಲ್ದಿದ್ರೆ ಮೊದಲು ಅಳಿಸು."

ಕೇಳಿದಿರಲ್ಲ ಅಕ್ಕ ಅಣ್ಣಂದಿರೇ? ಹಿಡಿದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ. ಕೇಸು ಮುಗಿದರೆ ಆದೇಶದ ನಕಲು ಕೈಗೆ ಬರುವ ತನಕ ಕೋರ್ಟಿನಿಂದ ಕದಲಬೇಡಿ. ಅಳಿಸುತ್ತೇವೆ ಎಂದು ದುಡ್ಡು ಕೇಳುವವರಿಗೆ ಬಿಡಿಗಾಸೂ ಕೊಡದೆ ಉಚಿತ ಕಾನೂನು ನೆರವಿನ ಬಾಗಿಲು ತಟ್ಟಿ. ನಾಳೆ ನಿಮ್ಮ ಮೊಬೈಲಿಗೂ ಅಂಥದೊಂದು ಫೋಟೋ ಬಂದೇ ಬರುತ್ತದೆ. ಅದು ಯಾರದೋ ಮನೆಯ ಅನ್ನ. ಮುಂದಕ್ಕೆ ತಳ್ಳಬೇಡಿ.