ಊಂ ಅನ್ನುವವನು

ನೇರಳೆ ಸುತ್ತು, ಎಡಕ್ಕೊಂದು ಬಲಕ್ಕೊಂದು, ತಮ್ಮನ ಬೋಳಿಸಿದ ತಲೆಯ ಮೇಲೆ ಶಾಯಿಯಲ್ಲಿ ಬರೆದದ್ದು, ಎಳೆಮಗುವಿನ ಬಳೆ ಒತ್ತಿದ ಹಾಗೆ, ಗಂಗರತ್ನಮ್ಮ ಕಣ್ಣು ಕಿತ್ತು ಕಿಟಕಿಯ ಕಡೆ ತಿರುಗಿಸಿದರೂ ಅಲ್ಲಿಯೂ ಅದೇ, ಇಲ್ಲೇ ಕೊರೆಯೋದು ಅಕ್ಕಾ, ಅಂದಿದ್ದಳು ನರ್ಸ್ ಸೆಲ್ವಿ, ಭಯಪಡ್ಬೇಡಿ, ತಂಬಿ ಈಗ ನೋಡಿ ಹೀರೋ ಮಾದಿರಿ ಇದಾನೆ, ತಮ್ಮ ನಾಗೇಶ ಬಾಯಿತುಂಬ ನಕ್ಕ, ಮೂವತ್ತು ದಾಟಿದವನು, ಕೈಗೆ ಇನ್ನೂ ಕೊಟ್ಟಿಗೆಯ ವಾಸನೆ, ಒದೆಯುವ ಹಸುವೂ ಅವನಿಗೆ ಹಾಲಿಳಿಸುತ್ತದೆ, ಬಸ್ಸಿನ ಬೋರ್ಡು ಮಾತ್ರ ಓದಲಾರ, ಕ್ಯಾಸಂಬಳ್ಳಿಗೆಂದು ಹತ್ತಿ ಕಾಮಸಮುದ್ರದಲ್ಲಿ ನಗುತ್ತಾ ಇಳಿಯುತ್ತಾನೆ — ಕಿಟಕಿಯಾಚೆ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳು ಏಳುತ್ತಿದೆ, ಚಿನ್ನಾನೆಲ್ಲ ಬಗೆದುಕೊಂಡು ಬೂದಿ ನಮ್ಮ ಮೂಗಿಗೆ ಬಿಟ್ರು ಕಣಮ್ಮ, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಗಿಳಿಯುತ್ತಿದ್ದ ಅಪ್ಪನ ಮಾತು, ಅದೇ ಅಪ್ಪ ಮೇಲೆ ಬಂದು ಮೈ ತೊಳೆದು ದೇವರ ಪದ ಹಿಡಿದರೆ ಸಾಲುಸಾಲಿಗೂ ಯಾರಾದರೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಂತಿತು, ಸಾಮಿ ಕತೇನ ಗ್ವಾಡೆಗೆ ಯೋಳಾಕಾಯ್ತದೇನ್ಲಾ, ಊಂ ಅನ್ನು, ನಾಗೇಶ ಊಂ ಅನ್ನುತ್ತಿದ್ದ, ರಾಜ ಕಾಡಿಗೆ ಹೋದಾಗಲೂ ಊಂ, ರಾಣಿ ಎದೆ ಬಡಿದುಕೊಂಡಾಗಲೂ ಊಂ, ಒಂದು ಸಾಲೂ ತಪ್ಪದೆ — ನಿನ್ನೆಯೂ ತಪ್ಪಲಿಲ್ಲ, ಡಾಕ್ಟರು ಒಳ್ಳೆಯವರೇ, ಅವನ ಮಂಚದ ಮೇಲೇ ಕೂತರು, ನಿಮ್ಮಕ್ಕ ಒಪ್ಪಿದರೆ ಸಾಲದು ನಾಗೇಶ್, ನೀನೂ ಒಪ್ಪಬೇಕು, ತಲೆಯಲ್ಲಿ ತೂತು ಕೊರೆದು ತಂತಿ ಇಡುತ್ತೇವೆ, ಊಂ, ಬುದ್ಧಿ ಹೆಚ್ಚಬಹುದು, ಊಂ, ಕೋತಿಗಳಿಗೆ ಮಾಡಿದ್ದೇವೆ, ಮನುಷ್ಯರಿಗೆ ಇದೇ ಮೊದಲು, ಮಾತು ಹೋಗಬಹುದು, ಜೀವವೂ ಹೋಗಬಹುದು, ಊಂ, ಬೇಡವೆಂದರೆ ಯಾರೂ ಬೈಯುವುದಿಲ್ಲ, ಮಾಡೋಣವಾ, ಊಂ — ಡಾಕ್ಟರು ಅವನ ಬೆನ್ನು ತಟ್ಟಿದರು, ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ನೋಡಿ ಅಮ್ಮ — ಅದು ಒಪ್ಪಿಗೆ ಅಲ್ಲ ಸಾರ್, ಮುಂದಕ್ಕೆ ಯೋಳಿ ಅಂತ, ಅಷ್ಟೇ, ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು, ಮಗಳು ಲಿಖಿತಳನ್ನು ನೋಡಲು ಬಂದವರು ಅಂಗಳದಲ್ಲಿ ಅವನನ್ನು ಕಂಡು ಕಾಫಿ ಲೋಟ ಕೆಳಗಿಟ್ಟಿದ್ದರಲ್ಲ, ಇದು ನಿಮ್ಮ ವಂಶದಾಗೇ ಐತಾ, ಅವರ ಆ ಮಾತಿಗೂ ನಾಗೇಶ ಊಂ ಅಂದಿದ್ದ, ಮಗಳು ಒಳಗೆ ಹೋಗಿ ಮುಡಿದ ಹೂವು ಕಿತ್ತೆಸೆದಿದ್ದಳು — ಸ್ವಾಮೀ, ಅವನ ಒಳ್ಳೆಯದಕ್ಕೇ ಅಂತ ನಿನ್ನ ಮುಂದೆ ಹೇಗೆ ಹೇಳಲಿ, ಆಪರೇಷನ್ ಕೆಟ್ಟರೆ ಒಂದು ಸಂಕಟ, ಕೆಡದಿದ್ದರೆ, ಅಯ್ಯೋ, ಕೆಡದಿದ್ದರೇ ಅವನಿಗೆ ಬುದ್ಧಿ ಬರುತ್ತದೆ, ಬಂದ ದಿನವೇ ಕೇಳುತ್ತಾನೆ, ನನ್ ಊಂ ಏನು ಅಂತ ನಿಂಗೆ ಗೊತ್ತಿತ್ತಲ್ವಕ್ಕಾ — ಚಕ್ರದ ಮಂಚ ಕಿರುಗುಡುತ್ತಾ ಬಾಗಿಲಿಗೆ ಬಂತು, ನಾಗೇಶ ತಾನೇ ಹತ್ತಿ ಮಲಗಿದ, ಅಕ್ಕನ ಸೆರಗು ಹಿಡಿದ, ಕತೆ ಯೋಳಕ್ಕಾ, ಈಗೇನು ಕತೆಯೋ, ಯೋಳಕ್ಕಾ, ಒಂದೂರಲ್ಲಿ ಒಬ್ಬ ಅಕ್ಕ ಇದ್ಳಂತೆ, ಊಂ, ಅವಳಿಗೊಬ್ಬ ತಮ್ಮ, ಊಂ, ಆ ತಮ್ಮ ಅಕ್ಕ ಏನು ಹೇಳಿದರೂ, ಊಂ — ಮುಂದಿನ ಸಾಲು ಬರಲಿಲ್ಲ, ಈಗ ಹೇಳಬೇಕು, ಈಗಲಾದರೂ, ನಿಲ್ಲಿಸಿ ಅಂತ ಒಂದೇ ಮಾತು — ಕರ್ಕೊಂಡು ಓಗ್ಲಾ ಅಕ್ಕಾ, ಸೆಲ್ವಿ ಕೇಳುತ್ತಿದ್ದಾಳೆ, ಬಾಯಿ ತೆರೆಯಿತು, ಊಂ, ಯಾರಂದದ್ದು, ತಮ್ಮ ಅಲ್ಲ, ಅವನು ಅಕ್ಕನ ಬಾಯನ್ನೇ ನೋಡುತ್ತಿದ್ದಾನೆ, ಮುಂದಿನ ಸಾಲಿಗೆ ಕಾಯುತ್ತಿದ್ದಾನೆ, ಸೆರಗು ಅವನ ಬೆರಳಿಂದ ಜಾರುತ್ತಿದೆ, ಮಂಚ ತಿರುಗಿತು, ಮುಖ ಆ ಕಡೆ ಹೋಯಿತು, ಇನ್ನು ಕಾಣುವುದು ತಲೆ ಮಾತ್ರ, ನೇರಳೆ ಸುತ್ತು, ಎಡಕ್ಕೊಂದು, ಬಲಕ್ಕೊಂದು, ನೇರಳೆ ಸುತ್ತು